ಉದ್ಯೋಗ ತರಬೇತಿಗೆ ಸೇರಬಯಸುವ ವಿಕಲಚೇತನರಿಗೆ

ಸಿರುಗುಪ್ಪ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಊರಿನವರು ವಿಆರ್‌ಡಬ್ಲ್ಯು ಮೇಡಂ ಎನ್ನುತ್ತಾರೆ. ನನ್ನ ಎಡಗಾಲಿಗೂ ಪೋಲಿಯೊ ಆಗಿದೆ. ತರಬೇತಿ ಬೇಕೆಂದು ಬಂದವರನ್ನು ನಾನು ಮೊದಲು ಕೇಳುವುದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಅದಿಲ್ಲದೆ ಮುಂದಿನ ಯಾವ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ.

ಕೇಂದ್ರ ಸರ್ಕಾರದ ವಿಕಲಚೇತನರ ಕೌಶಲ ತರಬೇತಿಗೆ ವಯಸ್ಸು 15ರಿಂದ 59ರೊಳಗಿರಬೇಕು, ವೈಕಲ್ಯ ಕನಿಷ್ಠ ಶೇ 40 ಇರಬೇಕು. ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆಯಲ್ಲಿ ಸಾಮಾನ್ಯವಾಗಿ 35 ವರ್ಷದ ಮಿತಿಯಾದರೆ ನಮಗೆ 45. ಕೈಕಾಲು, ಕಣ್ಣು, ಕಿವಿ ಮಾತ್ರ ಲೆಕ್ಕಕ್ಕೆ ಬರುತ್ತವೆ ಎಂದುಕೊಂಡು ಮನೆಯಲ್ಲೇ ಉಳಿದವರು ಬಹಳ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮಾನಸಿಕ ಅಸ್ವಸ್ಥತೆ, ಕಲಿಕಾ ನ್ಯೂನತೆ, ಥಲಸ್ಸೀಮಿಯಾ, ಆ್ಯಸಿಡ್ ದಾಳಿಯ ಗಾಯ ಎಲ್ಲವೂ ಅದರಲ್ಲಿ ಸೇರಿವೆ.

ಯುಡಿಐಡಿ ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು, ಅದಕ್ಕೆ ಸರ್ಕಾರದ ಶುಲ್ಕವಿಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿರುವಂತೆಯೇ ಇರಲಿ. ಒಂದು ಅಕ್ಷರ ಬೇರೆಯಾದರೂ ಮುಂದೆ ತರಬೇತಿಯ ನೋಂದಣಿ ನಿಂತುಹೋಗಬಹುದು. ವೈಕಲ್ಯ ಎಷ್ಟಿದೆ ಎಂದು ಅಳೆಯುವ ತಪಾಸಣೆಗೆ ಆಸ್ಪತ್ರೆಗೆ ಹೋಗುವ ಮೊದಲು ನಿಮ್ಮ ವೈಕಲ್ಯಕ್ಕೆ ಸಂಬಂಧಿಸಿದ ತಜ್ಞರು ಯಾವ ದಿನ ಇರುತ್ತಾರೆ ಎಂದು ಫೋನ್ ಮಾಡಿ ಕೇಳಿ. ಮೂಳೆ ತಜ್ಞರಿಲ್ಲದ ದಿನ ಊರುಗೋಲು ಹಿಡಿದು ಬಂದು, ಬರಿಗೈಯಲ್ಲಿ ಬಸ್ ಹತ್ತುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಹಳೆಯ ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ಚೀಟಿ, ಕಿವಿಯ ಪರೀಕ್ಷೆಯ ವರದಿ ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ಯಿರಿ.

ಎರಡು ತೊಂದರೆಗಳಿದ್ದರೆ ಎರಡನ್ನೂ ಹೇಳಿ. ಕಾಲಿಗೆ ಶೇ 30, ಕಿವಿಗೆ ಶೇ 20 ಎಂದಾದರೆ ಬಿಡಿಬಿಡಿಯಾಗಿ ಯಾವುದೂ ಸಾಲದು. ಸೇರಿಸಿ ಲೆಕ್ಕ ಹಾಕಲು ಒಂದು ಸೂತ್ರವಿದೆ. ನೇರವಾಗಿ ಕೂಡಿದ 50 ಬರುವುದಿಲ್ಲ, ಶೇ 43ರಷ್ಟು ಬರುತ್ತದೆ. ಅರ್ಹತೆಗೆ ಅಷ್ಟು ಸಾಕು. ವೈಕಲ್ಯದ ಪ್ರಮಾಣ ತಪ್ಪಾಗಿದೆ ಎನಿಸಿದರೆ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿ ಕೊಡುವ ವೈಕಲ್ಯ ಪ್ರಮಾಣಪತ್ರ ತಾತ್ಕಾಲಿಕವೋ ಶಾಶ್ವತವೋ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಅಲ್ಲೇ ಓದಿಸಿಕೊಳ್ಳಿ.

ಇನ್ನು ತರಬೇತಿಯ ಆಯ್ಕೆ. ಹೆಣ್ಣುಮಕ್ಕಳೆಂದರೆ ಹೊಲಿಗೆ, ಗಂಡುಮಕ್ಕಳೆಂದರೆ ಮೊಬೈಲ್ ರಿಪೇರಿ ಎಂದು ಬೇರೆಯವರು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಹೊಲಿಗೆ ಇಷ್ಟವಿದ್ದರೆ ಸಂತೋಷ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕತ್ತರಿಸುವುದು, ಹೊಲಿಯುವುದು, ಕಾಜಾ ಹಾಕುವುದು, ದಾರ ತೆಗೆಯುವುದು, ಪ್ಯಾಕಿಂಗ್ ಎಂದು ಕೆಲಸಗಳು ಬೇರೆ ಬೇರೆ ಇವೆ. ನಿಂತು ಮಾಡುವುದು ಯಾವುದು, ಕುಳಿತು ಮಾಡುವುದು ಯಾವುದು ಎಂದು ಹೋಗಿ ನೋಡಿ ಬನ್ನಿ. ಆಮೇಲೆ ಒಂದು ಹಾಳೆಯಲ್ಲಿ ಬರೆಯಿರಿ: ‘ಬಲಗಾಲಿನಿಂದ ಪೆಡಲ್ ಒತ್ತಬಲ್ಲೆ, ಆರು ಗಂಟೆ ಕುಳಿತು ಕೆಲಸ ಮಾಡಬಲ್ಲೆ, ಮೆಟ್ಟಿಲು ಹತ್ತಲಾರೆ.’ ಕಿವಿ ಕೇಳದವರು ಸಂಜ್ಞಾ ಭಾಷೆಯ ನೆರವು ಬೇಕೆಂದು ಬರೆಯಲಿ. ಪ್ರಮಾಣಪತ್ರ ನಿಮ್ಮಿಂದ ಏನಾಗದು ಎಂಬುದನ್ನು ಅಳೆಯುತ್ತದೆ, ಏನಾಗುತ್ತದೆ ಎಂದು ಹೇಳಬೇಕಾದವರು ನೀವು.

‘ಇದು ನಿಮ್ಮಂಥವರಿಗಲ್ಲ’ ಎಂದು ಯಾವುದೇ ಕೇಂದ್ರದವರು ಹಿಂದಕ್ಕೆ ಕಳಿಸಿದರೆ ಸುಮ್ಮನೆ ಬರಬೇಡಿ. ಸಾಮಾನ್ಯ ತರಬೇತಿ ಯೋಜನೆಗಳಲ್ಲೂ ವಿಕಲಚೇತನರನ್ನು ಸೇರಿಸಬೇಕು ಎಂದು ಅದೇ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಅದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅರ್ಜಿ ಬರೆಯಲು ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ನೆರವಾಗುತ್ತಾರೆ. ಅದು ನಮ್ಮ ಕೆಲಸವೇ, ಸಂಕೋಚ ಬೇಡ.

ಸೇರುವ ಮುನ್ನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಶಿಷ್ಯವೇತನ ಬಂದು ಸೇರುವುದಿಲ್ಲ. ಸೇವಾ ಸಿಂಧು ಮೂಲಕ ರಿಯಾಯಿತಿ ಬಸ್ ಪಾಸ್‌ಗೂ ಅರ್ಜಿ ಹಾಕಿ. ಅದು ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಸಿರುಗುಪ್ಪದವರು ದಿನವೂ ಬಳ್ಳಾರಿಗೆ ಹೋಗಿ ಬರಲು ಅಷ್ಟು ಸಾಕು.