ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ಯಾವುದಕ್ಕೆ ಟಿಕ್ ಹಾಕಬೇಕು, ಯಾವುದು ಬೇಡ

ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಇನ್‌ಸ್ಟಾಲರ್‌ನಲ್ಲಿ ಹೊಸಬರು ತಡವರಿಸುವುದು ಕೊನೆಯ ಹಂತದ 'ಸಾಫ್ಟ್‌ವೇರ್ ಸೆಲೆಕ್ಷನ್' ಪರದೆಯಲ್ಲಿ. ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ, ಸಿನಮನ್, ಮಾಟೆ ಎಂದು ಸಾಲುಸಾಲು ಡೆಸ್ಕ್‌ಟಾಪ್‌ಗಳ (ಪರದೆ, ಮೆನು, ಕಿಟಕಿಗಳ ವ್ಯವಸ್ಥೆಗಳ) ಹೆಸರುಗಳು. ಯಾವುದಕ್ಕೂ ವಿವರಣೆ ಇಲ್ಲ. ಬೇಕಾಗಬಹುದು ಅನ್ನಿಸಿದ್ದಕ್ಕೆಲ್ಲ ಟಿಕ್ ಹಾಕಬೇಡಿ. ಒಂದು ಡೆಸ್ಕ್‌ಟಾಪ್, ಜೊತೆಗೆ 'ಸ್ಟ್ಯಾಂಡರ್ಡ್ ಸಿಸ್ಟಂ ಯುಟಿಲಿಟೀಸ್' ಸಾಕು. ಮಿಕ್ಕಿದ್ದನ್ನು ಸಿಸ್ಟಂ ಬೂಟ್ ಆದ ಮೇಲೆ ಹಾಕಿಕೊಳ್ಳಬಹುದು.

ಈ ಪರದೆ ತಲುಪುವ ಮೊದಲೇ ಒಂದು ಮಾತು. ರೂಟ್ (ಸಿಸ್ಟಂನ ಮುಖ್ಯ ಆಡಳಿತ ಖಾತೆ) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಡಿ. ಹಾಗೆ ಬಿಟ್ಟರೆ ಮಾತ್ರ ನಿಮ್ಮ ಖಾತೆಗೆ ಸುಡೋ, ಅಂದರೆ ಆಡಳಿತದ ಕೆಲಸ ಮಾಡುವ ಅಧಿಕಾರ ತಾನಾಗಿ ಸಿಗುತ್ತದೆ.

ಟೆಕ್ಸ್ಟ್ ಇನ್‌ಸ್ಟಾಲರ್ ಬಳಸುತ್ತಿದ್ದರೆ ಟಿಕ್ ಹಾಕುವುದು, ತೆಗೆಯುವುದು ಸ್ಪೇಸ್ ಬಾರ್‌ನಿಂದ. ಎಂಟರ್ ಒತ್ತಿದರೆ ಆಯ್ಕೆ ಆಗುವುದಿಲ್ಲ, ನೇರ ಮುಂದಿನ ಹಂತಕ್ಕೆ ಹೋಗಿಬಿಡುತ್ತದೆ. ಎಕ್ಸ್‌ಎಫ್‌ಸಿಇ ಬೇಕೆಂದವರಿಗೆ ಗ್ನೋಮ್ ಬಂದು ಕೂರಲು ಎಷ್ಟೋ ಸಲ ಇದೇ ಕಾರಣ. ಇನ್ನೊಂದು ಕಾರಣವೂ ಇದೆ: 'ಡೆಬಿಯನ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್' ಸಾಲಿಗೆ ಟಿಕ್ ಇಟ್ಟು ಕೆಳಗಿನ ಯಾವ ಡೆಸ್ಕ್‌ಟಾಪನ್ನೂ ಆರಿಸದಿದ್ದರೆ ಸಾಮಾನ್ಯವಾಗಿ ಗ್ನೋಮ್ ಬರುತ್ತದೆ.

2 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ಗೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಸರಿ. 8 ಜಿಬಿ ಇದ್ದರೆ ಗ್ನೋಮ್, ಕೆಡಿಇ ಯಾವುದಾದರೂ ಆರಾಮಾಗಿ ಓಡುತ್ತದೆ. ಎರಡು ಡೆಸ್ಕ್‌ಟಾಪ್ ಒಟ್ಟಿಗೆ ಬೇಡವೇ ಬೇಡ: ಫೈಲ್ ಮ್ಯಾನೇಜರ್, ಟರ್ಮಿನಲ್, ಸೆಟ್ಟಿಂಗ್ಸ್ ಎಲ್ಲ ಎರಡೆರಡು ಬಂದು ಮೆನು ಗೋಜಲಾಗುತ್ತದೆ. 'ವೆಬ್ ಸರ್ವರ್' ಅಂದರೆ ವೆಬ್‌ಸೈಟ್ ನಡೆಸುವ ಅಪಾಚೆ. ಮನೆಯ ಕಂಪ್ಯೂಟರ್‌ಗೆ ಬೇಕಿಲ್ಲ. ಬೇರೆ ಯಂತ್ರದಿಂದ ಲಾಗಿನ್ ಆಗುವುದಿದ್ದರೆ ಮಾತ್ರ 'ಎಸ್‌ಎಸ್‌ಎಚ್ ಸರ್ವರ್'.

ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಇನ್‌ಸ್ಟಾಲ್ ಫೈಲ್‌ನಲ್ಲಿ (ಐಎಸ್‌ಒ) ಬೇಸ್ ಸಿಸ್ಟಂ ಮಾತ್ರ ಇರುತ್ತದೆ, ಡೆಸ್ಕ್‌ಟಾಪ್ ಇಡಿಯಾಗಿ ಇಂಟರ್ನೆಟ್‌ನಿಂದಲೇ ಇಳಿಯಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡುವವರಿಗೆ ಪ್ರತಿ ಟಿಕ್ಕೂ ಡೇಟಾ ಖರ್ಚು. ಈ ಹಂತದಲ್ಲೇ ಇನ್‌ಸ್ಟಾಲ್ ಕೈಕೊಟ್ಟರೆ ಆಲ್ಟ್ ಜೊತೆ ಎಫ್4 ಒತ್ತಿ (ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಕಂಟ್ರೋಲ್ ಕೂಡ ಸೇರಿಸಿ), ಲಾಗ್‌ನ ಕೊನೆಯ ಸಾಲುಗಳನ್ನು ಓದಿ. ಸಾಮಾನ್ಯವಾಗಿ ಮಿರರ್ (ಪ್ಯಾಕೇಜುಗಳು ಇಳಿಯುವ ಸರ್ವರ್) ಸಂಪರ್ಕ ತಪ್ಪಿರುತ್ತದೆ, ಇಲ್ಲವೇ ಜಾಗ ತುಂಬಿರುತ್ತದೆ. ಇಳಿದ ಪ್ಯಾಕೇಜುಗಳು ಮೊದಲು ವಾರ್ (/var) ಡೈರೆಕ್ಟರಿಯ ಒಳಗೆ ಕೂಡಿಕೊಳ್ಳುವುದರಿಂದ, ವಾರ್‌ಗೆ ಚಿಕ್ಕ ಪಾರ್ಟಿಷನ್ ಮಾಡಿದವರಿಗೆ ಡಿಸ್ಕ್ ಖಾಲಿ ಇದ್ದರೂ ಈ ತೊಂದರೆ ಬರುತ್ತದೆ. ಮಿರರ್ ಸಮಸ್ಯೆಯಾದರೆ ಇನ್‌ಸ್ಟಾಲರ್ ಮೆನುಗೆ ಹಿಂದಿರುಗಿ ಬೇರೆ ಮಿರರ್ ಆರಿಸಿ, ಅದೇ ಹಂತ ಮತ್ತೆ ನಡೆಸಿ.

ಇಂಗ್ಲಿಷ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಕನ್ನಡದ ಪ್ಯಾಕೇಜುಗಳು ತಾವಾಗಿ ಸೇರುವುದಿಲ್ಲ. ಇದನ್ನು ಮರೆಯಬಾರದು. ಬೂಟ್ ಆದ ಮೇಲೆ ಸಿನ್ಯಾಪ್ಟಿಕ್ ಎಂಬ ಪ್ಯಾಕೇಜ್ ಮ್ಯಾನೇಜರ್ ಹಾಕಿಕೊಂಡು, ಅದರಲ್ಲಿ ಗುಬ್ಬಿ, ನವಿಲು ಫಾಂಟ್‌ಗಳನ್ನೂ ಕನ್ನಡ ಟೈಪ್ ಮಾಡಲು ಐಬಸ್‌ನ ಎಂ17ಎನ್ (ibus-m17n) ಪ್ಯಾಕೇಜನ್ನೂ ಹುಡುಕಿ ಹಾಕಿ. ಲಾಗೌಟ್ ಆಗಿ ಬಂದರೆ ಇನ್‌ಪುಟ್ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಕೀಲಿಮಣೆ ಸಿಗುತ್ತದೆ.

ಬಿಟ್ಟುಹೋದದ್ದನ್ನು ಸೇರಿಸಲು ಟರ್ಮಿನಲ್‌ನಲ್ಲಿ ಸುಡೋ ಜೊತೆ ಟಾಸ್ಕ್‌ಸೆಲ್ (sudo tasksel) ಕೊಡಿ. 'ಸಾಫ್ಟ್‌ವೇರ್ ಸೆಲೆಕ್ಷನ್'ನ ಅದೇ ಪಟ್ಟಿ ತೆರೆಯುತ್ತದೆ. ಆದರೆ ಅಲ್ಲಿ ಈಗಾಗಲೇ ಇರುವ ಟಿಕ್ ತೆಗೆದರೆ ಆ ಗುಂಪಿನ ಪ್ಯಾಕೇಜುಗಳು ಸಿಸ್ಟಂನಿಂದಲೇ ಅಳಿದುಹೋಗುತ್ತವೆ. ಹೊಸ ಟಿಕ್ ಹಾಕಿ, ಹಳೆಯದನ್ನು ಮುಟ್ಟಬೇಡಿ.