ನಲವತ್ತು ದಾಟಿದ ಮೇಲೆ ನರ್ಸಿಂಗ್ ಓದಲು ಹೊರಟರೆ

ಕಾಲೇಜು ಸೇರಿ ಎರಡನೇ ವಾರ. ಲ್ಯಾಬಿನಲ್ಲಿ ಎಲ್ಲರ ಕೈಗೂ ಒಂದೊಂದು ಇನ್ಸುಲಿನ್ ಸಿರಿಂಜ್ ಕೊಟ್ಟು, 14 ಯೂನಿಟ್ ಎಳೆಯಿರಿ ಎಂದರು. ನಾನು ಸಿರಿಂಜನ್ನು ಕಣ್ಣಿನ ಹತ್ತಿರ ತಂದೆ. ಆಮೇಲೆ ಕೈ ಚಾಚಿ ದೂರ ಹಿಡಿದೆ. ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತಿದ್ದವು. ಪಕ್ಕದಲ್ಲಿದ್ದ 19ರ ಹುಡುಗಿ ಆಗಲೇ ಮುಗಿಸಿ ನನ್ನನ್ನೇ ನೋಡುತ್ತಿದ್ದಳು. "ಆಂಟಿ, ಕನ್ನಡಕ ತಂದಿಲ್ವಾ?" ಎಂದಳು. ತರುವುದಕ್ಕೆ ನನ್ನ ಹತ್ತಿರ ಕನ್ನಡಕವೇ ಇರಲಿಲ್ಲ. ನನಗೆ ಆಗ 43. ಅವತ್ತು ಸಂಜೆಯೇ ಹೋಗಿ ಕಣ್ಣು ತೋರಿಸಿಕೊಂಡು ಬಂದೆ.

ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಮಸುಕಾಗುವುದು ಹೆಚ್ಚುಕಮ್ಮಿ ಎಲ್ಲರಿಗೂ ಆಗುವಂಥದ್ದೇ. ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣವಿದೆ. ದೊಡ್ಡ ವಯಸ್ಸಿನಲ್ಲಿ ಈ ಓದಿಗೆ ಬರುವವರು ಹೆದರುವುದು ಒಂದಕ್ಕೆ, ಎಡವುವುದು ಇನ್ನೊಂದಕ್ಕೆ. 'ಈಗ ಓದಿದರೆ ತಲೆಗೆ ಹತ್ತುತ್ತಾ?' ಎಂಬುದು ಎಲ್ಲರ ಹೆದರಿಕೆ. ಹತ್ತುತ್ತದೆ. ನನ್ನ ಜೊತೆ ಸೇರಿ ನಡುವೆಯೇ ಬಿಟ್ಟ ಇಬ್ಬರಲ್ಲಿ ಯಾರೂ ಅನಾಟಮಿ ಬಾರದೆ ಬಿಡಲಿಲ್ಲ. ಒಬ್ಬರಿಗೆ ಬೆಳಗಿನ ಪೋಸ್ಟಿಂಗಿಗೂ (ಆಸ್ಪತ್ರೆಯಲ್ಲಿ ರೋಗಿಗಳ ಬಳಿ ನಿಂತು ಕಲಿಯುವ ಡ್ಯೂಟಿ) ಮನೆಗೂ ಹೊಂದಲಿಲ್ಲ. ಇನ್ನೊಬ್ಬರಿಗೆ ಸೊಂಟ ಹಿಡಿಯಿತು. ಹಾಗಾಗಿ ಈ ಲೇಖನದಲ್ಲಿ ಪಾಠಕ್ಕಿಂತ ಪಾಠದ ಸುತ್ತಲಿನ ಸಂಗತಿಗಳೇ ಜಾಸ್ತಿ.

ಅರ್ಜಿಗೆ ಮೊದಲು ವಾರ್ಡ್ ನೋಡಿ

ನಮ್ಮಲ್ಲಿ ಹೆಚ್ಚಿನವರಿಗೆ ನರ್ಸಿಂಗ್ ಆಸೆ ಹುಟ್ಟುವುದು ಮನೆಯಲ್ಲಿ ಯಾರನ್ನಾದರೂ ನೋಡಿಕೊಂಡಾಗ. ಅಮ್ಮನಿಗೆ ಹುಷಾರಿರಲಿಲ್ಲ, ಮಾತ್ರೆ ಕೊಟ್ಟೆ, ಬಟ್ಟೆ ಬದಲಿಸಿದೆ, ರಾತ್ರಿ ಎದ್ದು ಕೂತೆ, 'ನನ್ನ ಕೈಲಿ ಆಗುತ್ತೆ' ಅನ್ನಿಸಿತು. ಒಳ್ಳೆಯ ಕಾರಣವೇ. ಆದರೆ ಒಬ್ಬ ಅಮ್ಮನನ್ನು ನೋಡಿಕೊಳ್ಳುವುದು ಬೇರೆ, ಗುರುತಿಲ್ಲದ ಎಂಟು ಜನರನ್ನು ಒಟ್ಟಿಗೆ ನೋಡಿಕೊಳ್ಳುವುದು ಬೇರೆ. ಒಬ್ಬರಿಗೆ ಇಂಜೆಕ್ಷನ್ ಹೊತ್ತು ಮೀರುತ್ತಿರುತ್ತದೆ, ಇನ್ನೊಬ್ಬರು ಬೆಡ್‌ಪ್ಯಾನ್ ಕೇಳುತ್ತಾರೆ, ಮೂರನೆಯವರ ಕಡೆಯವರು ಜಗಳಕ್ಕೆ ನಿಂತಿರುತ್ತಾರೆ. ಯಾವುದು ಮೊದಲು ಎಂದು ತೀರ್ಮಾನಿಸುವುದೇ ಅಲ್ಲಿನ ಅರ್ಧ ಕೆಲಸ.

ಅದಕ್ಕೆ, ಸಾಧ್ಯವಾದರೆ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಕೆಲವು ದಿನ ಸ್ವಯಂಸೇವಕರಾಗಿ ಹೋಗಿ. ಆಗದಿದ್ದರೆ ಗೊತ್ತಿರುವ ಯಾರಾದರೂ ನರ್ಸ್ ಜೊತೆ ಒಂದು ಗಂಟೆ ಕೂತು ಮಾತಾಡಿ. 'ಕೆಲಸ ಹೇಗಿದೆ?' ಎಂದು ಕೇಳಬೇಡಿ, 'ಚೆನ್ನಾಗಿದೆ' ಅಂತಾರೆ, ಅಷ್ಟೇ. 'ನಿನ್ನೆ ಡ್ಯೂಟಿಗೆ ಹೋದಾಗಿನಿಂದ ವಾಪಸ್ ಬರುವವರೆಗೆ ಏನೇನು ಮಾಡಿದಿರಿ?' ಎಂದು ಕೇಳಿ.

ಕೋರ್ಸನ್ನು ಹಿಂದಿನಿಂದ ಆರಿಸಿ

ಮೊದಲು ಕಾಲೇಜು ನೋಡಿ ಆಮೇಲೆ ಉಳಿದದ್ದನ್ನು ಯೋಚಿಸುವವರೇ ಜಾಸ್ತಿ. ಉಲ್ಟಾ ಮಾಡಿ. ನೀವು ಕೆಲಸ ಮಾಡಬೇಕೆಂದಿರುವ ಕಡೆ ನರ್ಸ್‌ಗಳ ನೋಂದಣಿ ಮಾಡುವ ಸಂಸ್ಥೆ ಯಾವುದು ಎಂದು ನೋಡಿ. ಅದು ಯಾವ ಕೋರ್ಸನ್ನು ಒಪ್ಪುತ್ತದೆ, ಆ ಕೋರ್ಸ್ ಯಾವ ಕಾಲೇಜಿನಲ್ಲಿದೆ, ಅಲ್ಲಿ ಸೇರಲು ಏನು ಬೇಕು – ಹೀಗೆ ಹಿಂದಕ್ಕೆ ಬನ್ನಿ. ಮಾನ್ಯತೆ ಇಲ್ಲದ ಕಡೆ ಓದಿದರೆ 20ರವರಿಗೆ ಇನ್ನೊಂದು ಅವಕಾಶ ಸಿಗಬಹುದು. ನಮಗೆ ಆ ವರ್ಷಗಳು ತುಂಬ ದುಬಾರಿ.

ಕೇಳಬೇಕಾದ ಪ್ರಶ್ನೆಗಳು ಮೂರ್ನಾಲ್ಕು. ವಯಸ್ಸಿನ ಮಿತಿ ಇದೆಯಾ? ಶಾಲೆಯಲ್ಲಿ ವಿಜ್ಞಾನ ಓದಿರಲೇಬೇಕಾ? ಓದಿದ್ದು ಹಳೆಯದಾದರೆ ಮತ್ತೆ ಓದಬೇಕಾ? ಬೇರೆ ಪದವಿ ಕೈಯಲ್ಲಿದ್ದರೆ ಕಡಿಮೆ ಅವಧಿಯ ದಾರಿ ಇದೆಯಾ? ಕೆಲವು ದೇಶಗಳಲ್ಲಿ ಪದವೀಧರರಿಗೆ ಅಂಥ ಕೋರ್ಸ್‌ಗಳಿವೆ. ಅವಧಿ ಕಡಿಮೆ ಎಂದರೆ ಓದು ಕಡಿಮೆ ಎಂದಲ್ಲ, ಅದೇ ಓದನ್ನು ಒತ್ತೊತ್ತಾಗಿ ತುಂಬಿರುತ್ತಾರೆ. ಮನೆಯ ಜವಾಬ್ದಾರಿ ಇದ್ದವರಿಗೆ ನಾನು ಅದನ್ನು ಹೇಳುವುದಿಲ್ಲ.

ಓದು ಎಷ್ಟು ಎಂಬ ಅಂದಾಜಿಗೆ ಒಂದು ಲೆಕ್ಕ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಸಾಮಾನ್ಯ ನರ್ಸಿಂಗ್ ಶಿಕ್ಷಣ ಕನಿಷ್ಠ 3 ವರ್ಷ, 4,600 ಗಂಟೆ. ಅದರಲ್ಲಿ ಅರ್ಧದಷ್ಟಾದರೂ ರೋಗಿಗಳ ಬಳಿ ನಿಂತು ಕಲಿಯಬೇಕು. ಅಂದರೆ 2,300 ಗಂಟೆ. ದಿನಕ್ಕೆ 8 ಗಂಟೆಯಂತೆ ಹಿಡಿದರೂ 287 ದಿನ ದಾಟುತ್ತದೆ. ಬೇರೆ ಕಡೆ ಅಂಕಿ ಹೆಚ್ಚುಕಮ್ಮಿ ಇರಬಹುದು. ಆದರೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪೂರ್ತಿ ನರ್ಸಿಂಗ್ ಕಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ.

ಕಾಗದ ಮತ್ತು ಲಸಿಕೆ: ಇವತ್ತೇ ಶುರು ಮಾಡಿ

ನನ್ನ ಶಾಲಾ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಕೊನೆಗೆ ಇತ್ತು. ಗುರುತಿನ ಚೀಟಿಯಲ್ಲಿ ಗಂಡನ ಹೆಸರು. ಇನ್ನೊಂದು ಸರ್ಟಿಫಿಕೇಟಿನಲ್ಲಿ ಬರೀ ಇನಿಶಿಯಲ್. ಮೂರೂ ನಾನೇ ಎಂದು ನಂಬಿಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಒಂದು ಕಚೇರಿಯಲ್ಲಂತೂ ನನ್ನ ಅರ್ಜಿಯನ್ನು ಯಾವುದೋ ಫೈಲಿನಡಿ ಇಟ್ಟು ಮರೆತೇಬಿಟ್ಟಿದ್ದರು. ನೀವು ಎಲ್ಲ ದಾಖಲೆಗಳನ್ನೂ ಟೇಬಲ್ ಮೇಲೆ ಹರಡಿ, ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಹಳೆಯ ಅಂಕಪಟ್ಟಿ ಕಳೆದಿದ್ದರೆ ನಕಲಿಗೆ ಈಗಲೇ ಬರೆಯಿರಿ.

ಲಸಿಕೆಯ ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಸೂಜಿ, ರಕ್ತದ ನಡುವೆ ಕೆಲಸ ಮಾಡುವವರಿಗೆ ಹೆಪಟೈಟಿಸ್ ಬಿ ಲಸಿಕೆ ಬೇಕೇ ಬೇಕು. ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದು, ಒಂದು ತಿಂಗಳ ನಂತರ ಎರಡನೆಯದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಅದಾಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿ ಲಸಿಕೆ ಹಿಡಿದಿದೆಯಾ ಎಂದು ನೋಡುತ್ತಾರೆ. ನಲವತ್ತು ದಾಟಿದವರಲ್ಲಿ ಅದು ಸರಿಯಾಗಿ ಹಿಡಿಯದಿರುವುದು ಕಿರಿಯರಿಗಿಂತ ಹೆಚ್ಚು, ಆಗ ಮತ್ತೆ ಹಾಕಿಸಬೇಕಾಗುತ್ತದೆ. ಹೀಗಾಗಿ ಸೀಟು ಸಿಕ್ಕ ಮೇಲೆ ನೋಡೋಣ ಎಂದರೆ ಪೋಸ್ಟಿಂಗ್ ಹೊತ್ತಿಗೆ ಮುಗಿಯುವುದಿಲ್ಲ. ದಡಾರ, ರುಬೆಲ್ಲಾ, ಸಿಡುಬಿನ ಲಸಿಕೆಯ ದಾಖಲೆ, ಕ್ಷಯದ ಪರೀಕ್ಷೆಯನ್ನೂ ಕೇಳುವ ಕಡೆಗಳಿವೆ. ಇಲ್ಲಿ ಸಿಡುಬು ಎಂದರೆ ನೀರು ತುಂಬಿದ ಗುಳ್ಳೆಯೇಳುವ ಚಿಕನ್‌ಪಾಕ್ಸ್. ಹಳೆಯ ಮೈಲಿ 1980ಕ್ಕೇ ಜಗತ್ತಿನಿಂದ ಹೋಯಿತು.

ದುಡ್ಡು, ಅದಕ್ಕಿಂತ ಮುಖ್ಯವಾಗಿ ಹೊತ್ತು

ದುಡ್ಡಿನ ಬಗ್ಗೆ ಒಂದೇ ಮಾತು: ಫೀಸು ಮಾತ್ರ ಲೆಕ್ಕ ಹಾಕಬೇಡಿ. ಯೂನಿಫಾರಂ, ಶೂ, ಓಡಾಟ, ಪುಸ್ತಕ, ಜೊತೆಗೆ ಓದುವ ವರ್ಷಗಳಲ್ಲಿ ಬಾರದೇ ಹೋಗುವ ಸಂಬಳ, ಎಲ್ಲ ಸೇರಿಸಿ.

ಹೊತ್ತಿನದು ದೊಡ್ಡ ಕಥೆ. ತರಗತಿ ತಪ್ಪಿದರೆ ಯಾರದಾದರೂ ನೋಟ್ಸ್ ಸಿಗುತ್ತದೆ. ಪೋಸ್ಟಿಂಗ್ ತಪ್ಪಿದರೆ ಆ ಗಂಟೆಗಳನ್ನು ಮತ್ತೆ ಮಾಡಿಕೊಡಲೇಬೇಕು. ಅದಕ್ಕೆ ಸೇರುವ ಮೊದಲೇ ಕಾಲೇಜಿನಲ್ಲಿ ವಿಚಾರಿಸಿ: ಡ್ಯೂಟಿ ಪಟ್ಟಿ ಎಷ್ಟು ವಾರ ಮುಂಚೆ ಕೊಡುತ್ತಾರೆ? ನೈಟ್ ಡ್ಯೂಟಿ ಯಾವ ವರ್ಷದಿಂದ? ಪೋಸ್ಟಿಂಗಿನ ಆಸ್ಪತ್ರೆ ಎಷ್ಟು ದೂರ? ಮಗುವಿಗೆ ಜ್ವರ ಬಂದು ಒಂದು ದಿನ ತಪ್ಪಿದರೆ ಏನು?

ಆಮೇಲೆ ಮನೆಯವರನ್ನು ಕೂರಿಸಿಕೊಂಡು ಮಾತಾಡಿ. 'ನೀನು ಓದು, ನಾವಿದ್ದೇವೆ' ಎಂಬ ಮಾತನ್ನು ಅಷ್ಟಕ್ಕೇ ಬಿಡಬೇಡಿ. ಮಂಗಳವಾರ ಬೆಳಗ್ಗೆ 6ಕ್ಕೆ ನಾನು ಮನೆ ಬಿಟ್ಟರೆ ಮಕ್ಕಳನ್ನು ಎಬ್ಬಿಸುವವರು ಯಾರು? ಅಜ್ಜಿಗೆ ಮಾತ್ರೆ ಕೊಡುವವರು ಯಾರು? ಹೆಸರು ಬರೆದು ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಆ ಹಾಳೆ ನೋಡಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನದಿಂದ ನಡೆಯಿತು.

ಲೆಕ್ಕ ಮತ್ತೆ ಕಲಿಯಿರಿ

ಕಾಲೇಜು ಶುರುವಾಗುವ ಮುಂಚೆ ಒಂದೇ ಒಂದು ವಿಷಯ ಓದಲು ಸಮಯವಿದ್ದರೆ ಅದು ಗಣಿತವಾಗಿರಲಿ. ಗುಣಾಕಾರ, ಭಾಗಾಕಾರ, ದಶಮಾಂಶ, ಶೇಕಡಾ. ಇಷ್ಟೇ ಸಾಕು. ಔಷಧದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಒಂದು ಉದಾಹರಣೆ. 1,000 ಎಂಎಲ್ ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು. ಡ್ರಿಪ್ ಸೆಟ್ಟಿನ ಪ್ಯಾಕೆಟ್ ಮೇಲೆ 'ಒಂದು ಎಂಎಲ್‌ಗೆ 20 ಹನಿ' ಎಂದಿದೆ. 1,000ವನ್ನು 20ರಿಂದ ಗುಣಿಸಿದರೆ 20,000 ಹನಿ. 8 ಗಂಟೆ ಎಂದರೆ 480 ನಿಮಿಷ. ಭಾಗಿಸಿದರೆ 41.67, ಅಂದರೆ ನಿಮಿಷಕ್ಕೆ 42 ಹನಿ. ವಾಚು ಹಿಡಿದು 15 ಸೆಕೆಂಡ್ ಎಣಿಸಿದರೆ 10–11 ಹನಿ ಬೀಳಬೇಕು. ಪ್ಯಾಕೆಟ್ ನೋಡದೆ ಅಭ್ಯಾಸಬಲದಿಂದ 20 ಎಂದುಕೊಂಡು, ಅದು 60 ಹನಿಯ ಮೈಕ್ರೋ ಸೆಟ್ ಆಗಿದ್ದರೆ ಮುಗಿಯಿತು ಕಥೆ: ಹೋಗಬೇಕಾದುದರ ಮೂರನೇ ಒಂದು ಭಾಗ ಮಾತ್ರ ಹೋಗಿರುತ್ತದೆ.

ದಶಮಾಂಶ ಬರೆಯುವುದಕ್ಕೂ ಕ್ರಮವಿದೆ. ಅರ್ಧ ಮಿಲಿಗ್ರಾಂ ಎಂದರೆ 0.5 ಎಂದೇ ಬರೆಯಬೇಕು, ಬರೀ .5 ಎಂದಲ್ಲ. ಚುಕ್ಕೆ ಕಾಣದಿದ್ದರೆ ಅದು 5 ಆಗುತ್ತದೆ. ಹಾಗೆಯೇ 5 ಎಂಬುದನ್ನು 5.0 ಎಂದು ಬರೆಯಬಾರದು, 50 ಎಂದು ಓದಿಬಿಡುತ್ತಾರೆ. ಎರಡರಲ್ಲೂ ಡೋಸ್ ಹತ್ತು ಪಟ್ಟು ಹೆಚ್ಚುತ್ತದೆ. ಅಂದಹಾಗೆ, ಈ ವಿಷಯದಲ್ಲಿ ನಾವು ಹಳಬರು ಮುಂದು. ವರ್ಷಗಟ್ಟಲೆ ಮನೆಖರ್ಚು ತೂಗಿಸಿದವರಿಗೆ 'ಈ ಉತ್ತರ ಯಾಕೋ ಸರಿ ಇಲ್ಲ' ಎಂಬುದು ಕ್ಯಾಲ್ಕುಲೇಟರಿಗಿಂತ ಮೊದಲು ಹೊಳೆಯುತ್ತದೆ.

ಓದುವ ರೀತಿ ಬದಲಿಸಿ

ವಯಸ್ಸಾದಂತೆ ಹೊಸದನ್ನು ಹಿಡಿಯುವ ವೇಗ ಸ್ವಲ್ಪ ತಗ್ಗುತ್ತದೆ, ನಿಜ. ಅದಕ್ಕೆ ಹಳೆಯ ಪದ್ಧತಿಯ ಉರುಹೊಡೆಯುವುದು ನಮಗೆ ಆಗಿಬರುವುದಿಲ್ಲ. ಕಲಿತದ್ದನ್ನು ಮತ್ತೆ ಮುಟ್ಟದಿದ್ದರೆ ಎಷ್ಟು ಬೇಗ ಮರೆಯುತ್ತೇವೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಸಂಶೋಧಕರು ಇನ್ನೊಂದು ಕಂಡುಕೊಂಡರು. ಪಾಠವನ್ನು ಪದೇ ಪದೇ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು.

ನಾನು ಮಾಡಿದ್ದು ಇಷ್ಟು. ದಿನಾ ಬೆಳಗ್ಗೆ ಖಾಲಿ ಹಾಳೆಯ ಮೇಲೆ ಹೃದಯದ ನಾಲ್ಕು ಕೋಣೆ ಬರೆದು ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬಾಣ ಹಾಕುತ್ತಿದ್ದೆ. ಮೊದಲ ವಾರ ದಿನಾ ತಪ್ಪು. ಮೂಳೆಗಳನ್ನು ಕಲಿತದ್ದು ನನ್ನ ಮೈಮೇಲೆಯೇ. ಒಂದು ಕೈಯಲ್ಲಿ, ಮಣಿಕಟ್ಟು ಸೇರಿ 27 ಮೂಳೆ. ಬಸ್ಸಿನಲ್ಲಿ ಕೂತು ಮಣಿಕಟ್ಟಿನ ಎಂಟನ್ನು ಒತ್ತಿ ಒತ್ತಿ ಹೆಸರು ಹೇಳಿಕೊಳ್ಳುತ್ತಿದ್ದರೆ ಪಕ್ಕದವರು ಸರಿದು ಕೂರುತ್ತಿದ್ದರು.

ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಿ

ಮೊದಲ ಸಲ ಬಿಪಿ ನೋಡಿದ ದಿನ ನನಗೆ ಸ್ಟೆತಸ್ಕೋಪಿನಲ್ಲಿ ಏನೂ ಕೇಳಿಸಲಿಲ್ಲ. ಎಲ್ಲರ ಮುಂದೆ ಹೇಳಲು ನಾಚಿಕೆ. 120/80 ಎಂದು ಬರೆದುಬಿಟ್ಟೆ. ಟೀಚರ್ ಏನೂ ಅನ್ನದೆ ಎರಡು ಜೋಡಿ ಕಿವಿಯ ಸ್ಟೆತಸ್ಕೋಪ್ ತಂದರು. ಒಂದು ಜೋಡಿ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಮಣಿಕಟ್ಟಿನ ನಾಡಿ ಹಿಡಿದು, ಅದು ನಿಲ್ಲುವವರೆಗೆ ತೋಳಿಗೆ ಸುತ್ತಿದ ಪಟ್ಟಿಗೆ (ಕಫ್) ಗಾಳಿ ತುಂಬಿ, ಅಲ್ಲಿಂದ ಇನ್ನೂ 30 ಏರಿಸಿದರು. ಆಮೇಲೆ ನಿಧಾನವಾಗಿ, ಸೆಕೆಂಡಿಗೆ 2–3 ಅಂಕಿಯಂತೆ ಇಳಿಸಿದರು. ಟಕ್ ಎಂದು ಮೊದಲು ಕೇಳಿದ್ದು ಮೇಲಿನ ಅಂಕಿ. ಸದ್ದು ಪೂರ್ತಿ ನಿಂತಾಗಿನದು ಕೆಳಗಿನ ಅಂಕಿ. 148/92 ಇತ್ತು! ಈ ಸದ್ದುಗಳನ್ನು 1905ರಲ್ಲಿ ಗುರುತಿಸಿದ್ದು ರಷ್ಯಾದ ಡಾಕ್ಟರ್ ಕೊರೊಟ್ಕೊವ್. ಅವರ ಹೆಸರಿನಲ್ಲೇ ಇವತ್ತಿಗೂ ಕರೆಯುತ್ತಾರೆ.

ಚಿಕ್ಕವರಿಗೆ ತಪ್ಪೊಪ್ಪಿಕೊಳ್ಳುವುದು ಸುಲಭ. ಹೊರಗೆ ನಾಲ್ಕು ಜನ ಮರ್ಯಾದೆ ಕೊಡುವ ವಯಸ್ಸಿನವರಿಗೆ ಕಷ್ಟ, ಅಲ್ವಾ? ಆದರೆ ವಾರ್ಡಿನಲ್ಲಿ ಊಹೆಯ ಅಂಕಿಗಿಂತ 'ಕೇಳಿಸಲಿಲ್ಲ ಸಿಸ್ಟರ್, ಒಂದ್ಸಲ ನೋಡ್ತೀರಾ?' ಎಂಬ ಮಾತೇ ರೋಗಿಗೆ ಒಳ್ಳೆಯದು. ಆ ಸಿಸ್ಟರ್‌ಗೆ 26 ವರ್ಷ ಇರಬಹುದು. ನಿಮ್ಮ ಹಿಂದಿನ ಕೆಲಸದಲ್ಲಿ ನೀವು ಹತ್ತು ಜನರ ಮೇಲೆ ಇದ್ದಿರಬಹುದು. 'ನಮ್ಮ ಆಫೀಸಿನಲ್ಲಿ ಹೀಗೆ ಮಾಡ್ತಿರಲಿಲ್ಲ' ಎಂಬ ಮಾತನ್ನು ಮಾತ್ರ ಬಾಯಿಗೆ ತರಬೇಡಿ.

ಇನ್ನೊಂದು ಪೇಚು ನಮಗಷ್ಟೇ ಬರುವಂಥದ್ದು. ನರೆಗೂದಲು ನೋಡಿ ರೋಗಿಯ ಕಡೆಯವರು ನಿಮ್ಮನ್ನೇ ಇನ್‌ಚಾರ್ಜ್ ಅಂದುಕೊಳ್ಳುತ್ತಾರೆ. 'ಸಿಸ್ಟರ್, ಈ ಮಾತ್ರೆ ನಿಲ್ಲಿಸಬಹುದಾ?' ಎಂದು ನೇರವಾಗಿ ನಿಮ್ಮ ಹತ್ತಿರ ಬರುತ್ತಾರೆ. ಉತ್ತರ ಗೊತ್ತಿದ್ದರೂ 'ನಾನು ವಿದ್ಯಾರ್ಥಿ, ಕೇಳಿಕೊಂಡು ಬರ್ತೇನೆ' ಅನ್ನಿ. ನಿಮ್ಮ ವಯಸ್ಸಿನ ಲಾಭವೂ ಅಲ್ಲೇ ಇದೆ. ಹೆದರಿದ ರೋಗಿ 19ರ ಹುಡುಗಿಗೆ ಹೇಳದ್ದನ್ನು ನಿಮಗೆ ಹೇಳುತ್ತಾರೆ.

ಸೊಂಟ, ಕಾಲು, ನಿದ್ದೆ

ರೋಗಿಯನ್ನು ಸರಿಸುವ ಮುನ್ನ ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿ. ಒಬ್ಬರೇ ಎತ್ತಬೇಡಿ. ರೋಗಿಯನ್ನು ಎತ್ತದೆ ಸರಿಸಲು ಅಡಿಗೆ ಹಾಕುವ ಜಾರುವ ಶೀಟ್ ಇದ್ದರೆ ಬಳಸಿ. 'ನಾನೇ ಮಾಡ್ತೀನಿ ಬಿಡಿ' ಎಂದು ಹುರುಪು ತೋರಿಸಿದ್ದಕ್ಕೇ ನನ್ನ ಗೆಳತಿಗೆ ಸೊಂಟ ಹಿಡಿದದ್ದು. ಶೂ ಮುಚ್ಚಿದ್ದು, ಜಾರದ್ದು, ಅರ್ಧ ಸೈಜ್ ದೊಡ್ಡದು ಇರಲಿ, ಸಂಜೆಗೆ ಪಾದ ಊದಿರುತ್ತದೆ. ನೈಟ್ ಡ್ಯೂಟಿಗೆ ಮೊದಲು ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಮುಗಿಸಿ ಬಂದ ಮೇಲೆ ಕೋಣೆ ಕತ್ತಲು ಮಾಡಿಕೊಂಡು ಮಲಗಿ. ಆ ಹೊತ್ತಿನಲ್ಲಿ ಮನೆಯವರು ಬಾಗಿಲು ತಟ್ಟಬಾರದು. ಇದೂ ಗೋಡೆಯ ಹಾಳೆಯಲ್ಲಿರಲಿ.

'ಈ ವಯಸ್ಸಲ್ಲಾ?' ಎಂದು ಕೇಳುವವರು ಕೊನೆಯ ವರ್ಷದವರೆಗೂ ಸಿಗುತ್ತಾರೆ. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ತರಬೇತಿಗೆ ಹೋದಾಗ ಅವರಿಗೆ 31. ಆ ಕಾಲಕ್ಕೆ ಅದೇನೂ ಚಿಕ್ಕ ವಯಸ್ಸಲ್ಲ. ಮನೆಯವರು ವರ್ಷಗಟ್ಟಲೆ ಬೇಡವೆಂದಿದ್ದರು.

ಕೊನೆಯ ಮೆಟ್ಟಿಲು

ಅಂತಿಮ ಪರೀಕ್ಷೆ ಮುಗಿದರೆ ಕೆಲಸ ಮುಗಿಯಲಿಲ್ಲ, ನೋಂದಣಿ ಆಗಬೇಕು. ಕೆಲವು ದೇಶಗಳಲ್ಲಿ ಅದಕ್ಕೆ ಬೇರೆಯೇ ಪರೀಕ್ಷೆ ಇದೆ. ಓದಿದ ಬಿಸಿ ಆರುವ ಮೊದಲೇ ಅದನ್ನು ಬರೆಯಿರಿ. ಮೊದಲ ಕೆಲಸ ಹುಡುಕುವಾಗ ಹೊಸ ನರ್ಸ್‌ಗಳ ಜೊತೆ ಅನುಭವಿಗಳನ್ನು ಎಷ್ಟು ವಾರ ಇರಿಸುತ್ತಾರೆ ಎಂದು ಕೇಳಿ. ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ಅದು.

ನೋಂದಣಿ ಅರ್ಜಿಯಲ್ಲಿ ಹೆಸರು ಬರೆಯುವಾಗ ಶಾಲಾ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕನ್ನಡಕವನ್ನೂ ಹಾಕಿಕೊಳ್ಳಿ. ನಾನು ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ. ಆ 19ರ ಹುಡುಗಿ ಈಗ ಪಕ್ಕದ ವಾರ್ಡಿನಲ್ಲೇ ಇದ್ದಾಳೆ. ಇನ್ನೂ ಆಂಟಿ ಅಂತಲೇ ಕರೆಯುತ್ತಾಳೆ.