ಟ್ಯಾಬ್ ಮುಚ್ಚಿದರೂ ಹಾಡು ನಿಲ್ಲದಿದ್ದಾಗ: ಪೈಕ್ಯೂಟಿ 6 ಬ್ರೌಸರ್‌ನ ನನ್ನ ಅನುಭವ

ಪೈಥಾನ್‌ನಲ್ಲಿ ವಿಂಡೋ, ಬಟನ್ ಇರುವ ಪ್ರೋಗ್ರಾಂ ಬರೆಯಲು ನೆರವಾಗುವ ಲೈಬ್ರರಿ ಪೈಕ್ಯೂಟಿ 6. ಅದರಲ್ಲಿ ಕ್ಯೂಟ್ಯಾಬ್‌ವಿಜೆಟ್ (ಟ್ಯಾಬ್‌ಗಳನ್ನು ತೋರಿಸುವ ಭಾಗ), ಕ್ಯೂವೆಬ್‌ಎಂಜಿನ್‌ವ್ಯೂ (ವೆಬ್ ಪುಟ ತೋರಿಸುವ ಭಾಗ, ಮುಂದೆ ಬರೀ 'ವ್ಯೂ') ಬಳಸಿ ಚಿಕ್ಕ ಬ್ರೌಸರ್ ಬರೆದಿದ್ದೆ. ವಿಡಿಯೊ ಓಡುತ್ತಿರುವ ಟ್ಯಾಬ್‌ನ ಇಂಟು ಗುರುತು ಒತ್ತಿದರೆ ಟ್ಯಾಬ್ ಮಾಯ, ಹಾಡು ಮಾತ್ರ ಸ್ಪೀಕರ್‌ನಲ್ಲಿ ಹಾಗೇ ಬರುತ್ತಿತ್ತು. ಎಷ್ಟು ಟ್ಯಾಬ್ ಮುಚ್ಚಿದರೂ ಮೆಮೊರಿ ಇಳಿಯುತ್ತಿರಲಿಲ್ಲ.

ವ್ಯೂ ಅನ್ನು ಹೈಡ್ ಮಾಡಿದೆ, ಹಾಡು ನಿಲ್ಲಲಿಲ್ಲ. ಖಾಲಿ ಪುಟ ಲೋಡ್ ಮಾಡಿದರೆ ಸದ್ದು ನಿಂತಿತು, ಆದರೆ ವ್ಯೂ ಮಾತ್ರ ಮೆಮೊರಿಯಲ್ಲೇ ಉಳಿಯಿತು. ಪೈಥಾನ್‌ನಲ್ಲಿ ವೇರಿಯಬಲ್‌ನ ಹೆಸರು ಅಳಿಸುವ ಡೆಲ್ ಕೂಡ ಸುಮ್ನೆ ವ್ಯರ್ಥ.

ಕಾರಣ ಇಷ್ಟೇ: ಟ್ಯಾಬ್ ತೆಗೆಯಲು ಕರೆಯುವ ರಿಮೂವ್‌ಟ್ಯಾಬ್ ಪುಟವನ್ನು ಪಟ್ಟಿಯಿಂದ ತೆಗೆಯುತ್ತದೆ, ಅಳಿಸುವುದಿಲ್ಲ. ಒಳಗಿನ ಸ್ಟ್ಯಾಕ್ (ಪುಟಗಳನ್ನು ಹಿಡಿದಿಡುವ ಭಾಗ) ಅದರ ಪೇರೆಂಟ್, ಅಂದರೆ ಒಡೆಯ, ಆಗಿಯೇ ಇರುತ್ತದೆ.

ಕೆಲಸ ಮಾಡಿದ ಕ್ರಮ ಇದು. ಇಂಟು ಗುರುತು ಒತ್ತಿದಾಗ ಬರುವ ಟ್ಯಾಬ್‌ಕ್ಲೋಸ್‌ರಿಕ್ವೆಸ್ಟೆಡ್ ಸಿಗ್ನಲ್ (ಸೂಚನೆ) ಬಂದಾಗ ಆ ಇಂಡೆಕ್ಸ್‌ನ (ಟ್ಯಾಬ್‌ನ ಕ್ರಮಸಂಖ್ಯೆಯ) ವ್ಯೂ ಹಿಡಿದು, ಅದರ ಪೇಜ್ (ಒಳಗಿನ ವೆಬ್ ಪುಟ) ಮೇಲೆ ಟ್ರಿಗರ್‌ಆಕ್ಷನ್‌ನಿಂದ ರಿಕ್ವೆಸ್ಟ್‌ಕ್ಲೋಸ್, ಅಂದರೆ ಮುಚ್ಚುವ ಕೋರಿಕೆ, ಕಳಿಸಿ. ಅರ್ಧ ತುಂಬಿದ ಫಾರ್ಮ್ ಇದ್ದರೆ ಪುಟ 'ಬಿಟ್ಟು ಹೋಗಬೇಕೇ' ಎಂದು ಕೇಳಲು ಅವಕಾಶ ಸಿಗುವುದು ಇದರಿಂದಲೇ. ಇದನ್ನು ಬಿಟ್ಟು ನೇರ ಅಳಿಸಿದರೆ ಬರೆದದ್ದೆಲ್ಲ ಹೋಗುತ್ತದೆ, ಅಲ್ವಾ? ಒಪ್ಪಿಗೆ ಸಿಕ್ಕಮೇಲೆ ಪೇಜ್‌ನಿಂದ ವಿಂಡೋಕ್ಲೋಸ್‌ರಿಕ್ವೆಸ್ಟೆಡ್ ಸಿಗ್ನಲ್ ಬರುತ್ತದೆ. ಅಲ್ಲಿ ಹಳೆಯ ಇಂಡೆಕ್ಸ್ ನಂಬಬೇಡಿ, ಅಷ್ಟರಲ್ಲಿ ಬದಲಾಗಿರಬಹುದು. ಇಂಡೆಕ್ಸ್‌ಆಫ್‌ನಿಂದ ಮತ್ತೆ ಹುಡುಕಿ, ಮೊದಲು ರಿಮೂವ್‌ಟ್ಯಾಬ್, ಆಮೇಲೆ ವ್ಯೂ ಮೇಲೆ ಡಿಲೀಟ್‌ಲೇಟರ್ (ಕೈಯಲ್ಲಿರುವ ಕೆಲಸ ಮುಗಿದ ಮೇಲೆ ಅಳಿಸು ಎಂಬ ಆದೇಶ). ಉಳಿದ ಟ್ಯಾಬ್‌ಗಳ ಕೌಂಟ್ ಸೊನ್ನೆಯಾದರೆ ವಿಂಡೋವನ್ನೂ ಕ್ಲೋಸ್ ಮಾಡಿ.

ಇಡೀ ವಿಂಡೋ ಮುಚ್ಚುವಾಗ ತಾನಾಗಿ ಓಡುವ ಕ್ಲೋಸ್‌ಇವೆಂಟ್ ಫಂಕ್ಷನ್ ಒಳಗೆ ಉಳಿದ ಎಲ್ಲ ವ್ಯೂಗಳಿಗೂ ಡಿಲೀಟ್‌ಲೇಟರ್ ಕೊಡಿ. ಸ್ವಂತ ಪ್ರೊಫೈಲ್ (ಕುಕೀ, ಸೆಟ್ಟಿಂಗ್‌ಗಳನ್ನು ಇಡುವ ವಸ್ತು) ಮಾಡಿಕೊಂಡಿದ್ದರೆ ಪೇಜ್‌ಗಳು ಅದಕ್ಕಿಂತ ಮೊದಲೇ ಹೋಗಬೇಕು. ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಪ್ರೊಫೈಲ್ ಬಗ್ಗೆ ಎಚ್ಚರಿಕೆ ಬರುತ್ತದೆ.